ಅಮ್ಮನ ಪರವಾಗಿ ಮಗ ಸಹಿ ಹಾಕಿದರೆ ಸಾಲದೇ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಡಿಮೆನ್ಶಿಯಾ ಇರುವ ತಾಯಿಯನ್ನು ಕೇರ್ ಹೋಮಿಗೆ ಸೇರಿಸಿದ್ದೇವೆ. ಅವರನ್ನು ಒಬ್ಬರೇ ಹೊರಗೆ ಬಿಡುವುದಿಲ್ಲ. ಇದಕ್ಕೆ ‘ಡೋಲ್ಸ್’ ಅನುಮತಿ (ಒಬ್ಬರ ಸ್ವಾತಂತ್ರ್ಯ ಮೊಟಕುಗೊಳಿಸುವ ಮುನ್ನ ಪಡೆಯಬೇಕಾದ ಕಾನೂನಿನ ಅನುಮತಿ) ಬೇಕೆಂದು ಸ್ಥಳೀಯ ಆಡಳಿತವಾದ ಕೌನ್ಸಿಲಿಗೆ ಅರ್ಜಿ ಹೋಗಿದೆ. ಹಿರಿಯ ಮಗನಾದ ನಾನೇ ಒಪ್ಪಿ ಸಹಿ ಹಾಕಿದರೆ ಸಾಲದೇ?

ಉತ್ತರ: ಸಾಲದು. ನಮ್ಮ ಮನೆಗಳಲ್ಲಿ ಹಿರಿಯ ಮಗನ ಮಾತೇ ಕೊನೆಯದೆಂದು ನಡೆದುಕೊಂಡು ಬಂದಿರಬಹುದು. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನಿನ ಪ್ರಕಾರ ವಯಸ್ಕರೊಬ್ಬರ ಸ್ವಾತಂತ್ರ್ಯವನ್ನು ಮೊಟಕುಗೊಳಿಸಲು ಅವರ ಪರವಾಗಿ ಒಪ್ಪಿಗೆ ಕೊಡುವ ಹಕ್ಕು ಮಗನಿಗಾಗಲಿ, ಗಂಡನಿಗಾಗಲಿ ಇಲ್ಲ. ಈ ಕಟ್ಟುನಿಟ್ಟಿನ ಹಿಂದೆ ಒಂದು ನೋವಿನ ಕಥೆಯಿದೆ. 1997ರಲ್ಲಿ ಆಟಿಸಂ ಇದ್ದ, ಮಾತು ಬಾರದ ವ್ಯಕ್ತಿಯೊಬ್ಬರನ್ನು ಬೋರ್ನ್‌ವುಡ್ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಅವರು ಪ್ರತಿಭಟಿಸಲಿಲ್ಲವೆಂಬ ಕಾರಣಕ್ಕೆ ಯಾವ ಕಾನೂನುಕ್ರಮವೂ ನಡೆಯಲಿಲ್ಲ. ಇದು ಸ್ವಾತಂತ್ರ್ಯದ ಹಕ್ಕಿನ ಉಲ್ಲಂಘನೆಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2004ರಲ್ಲಿ ತೀರ್ಪು ಕೊಟ್ಟಿತು. ಆ ಕೊರತೆ ತುಂಬಲೆಂದೇ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಗೆ ಸೇರಿದ ಡೋಲ್ಸ್ ರಕ್ಷಣೆಗಳು 2009ರ ಏಪ್ರಿಲ್‌ನಲ್ಲಿ ಜಾರಿಯಾದವು.

ಅರ್ಜಿ ಬಂದ ಮೇಲೆ ಕೌನ್ಸಿಲ್ ಕನಿಷ್ಠ ಇಬ್ಬರನ್ನು ಕಳುಹಿಸುತ್ತದೆ: ಒಬ್ಬ ವೈದ್ಯರು ಮತ್ತು ಈ ಏರ್ಪಾಡು ನಿಮ್ಮ ತಾಯಿಯ ಹಿತಕ್ಕೆ ತಕ್ಕದ್ದೇ ಎಂದು ನೋಡುವ ಇನ್ನೊಬ್ಬರು. ಅನುಮತಿ ಹೆಚ್ಚೆಂದರೆ 12 ತಿಂಗಳಿಗೆ ಮಾತ್ರ.

ಈ ಭೇಟಿಯ ವಿಷಯದಲ್ಲಿ ನಾನು ನಿಮ್ಮಲ್ಲಿ ಒತ್ತಾಯದಿಂದ ಕೇಳಿಕೊಳ್ಳುವುದು ಒಂದಿದೆ. ಡಿಮೆನ್ಶಿಯಾ ಬೆಳೆದಂತೆ ಆಮೇಲೆ ಕಲಿತ ಇಂಗ್ಲಿಷ್ ಮರೆಯಾಗಿ ಕನ್ನಡವೊಂದೇ ಉಳಿದಿರಬಹುದು. ಸಂಜೆ ಕೈಚೀಲ ಹಿಡಿದು ಬಾಗಿಲ ಬಳಿ ನಿಂತು “ದೀಪ ಹಚ್ಚೋ ಹೊತ್ತಾಯ್ತು, ಮನೆಗೆ ಹೋಗ್ಬೇಕು” ಎನ್ನುವ ತಾಯಿಯ ಮಾತು, ಕನ್ನಡ ಬಾರದ ಸಿಬ್ಬಂದಿಯ ದಾಖಲೆಯಲ್ಲಿ ಬರೀ ‘ಕಳವಳ’ ಎಂದಾಗಿಬಿಡುತ್ತದೆ. ಅದು ಅವರ ಇಚ್ಛೆ, ಪ್ರಾಯಶಃ ಆಕ್ಷೇಪಣೆಯೂ ಹೌದು. ಅರ್ಥವಾಗುವ ರೀತಿಯಲ್ಲಿ ವಿವರಿಸಿ, ಸಾಧ್ಯವಿರುವ ನೆರವನ್ನೆಲ್ಲ ಕೊಟ್ಟು ನೋಡದೆ ಯಾರಿಗೂ ನಿರ್ಧರಿಸುವ ಸಾಮರ್ಥ್ಯವಿಲ್ಲವೆಂದು ಹೇಳಕೂಡದೆಂದು ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಕನ್ನಡ ಬಲ್ಲ ದುಭಾಷಿ ಬೇಕೆಂದು ಮೊದಲೇ ಬರೆದು ಕೇಳಿ. ನೀವೇ ಮಧ್ಯೆ ನಿಂತು ಅನುವಾದಿಸಬೇಡಿ, ನಿಮ್ಮ ಅಭಿಪ್ರಾಯ ಅವರ ಮಾತಿನೊಳಗೆ ಬೆರೆತೀತು.

ಹಾಗೆಂದು ನಿಮ್ಮ ಪಾತ್ರ ಚಿಕ್ಕದಲ್ಲ. ಅವರ ಹಿಂದಿನ ಬದುಕು, ನಂಬಿಕೆ, ಇಷ್ಟಾನಿಷ್ಟಗಳನ್ನು ಪರಿಗಣಿಸಲೇಬೇಕು, ನಿಮ್ಮನ್ನೂ ಕೇಳಬೇಕು. ಅನುಮತಿ ಸಿಕ್ಕ ಮೇಲೆ ಅವರ ಪ್ರತಿನಿಧಿಯಾಗಿ ನಿಮ್ಮನ್ನೇ ನೇಮಿಸಬಹುದು. ಆಗ ಸ್ವತಃ ನಿರ್ಧರಿಸಲಾಗದವರ ವಿಷಯಗಳನ್ನು ನೋಡುವ ಕೋರ್ಟ್ ಆಫ್ ಪ್ರೊಟೆಕ್ಷನ್ ಎಂಬ ನ್ಯಾಯಾಲಯದಲ್ಲಿ ಅನುಮತಿಯನ್ನು ಪ್ರಶ್ನಿಸಬಹುದು, ಅದಕ್ಕೆ ಆದಾಯ ನೋಡದೆ ಕಾನೂನು ನೆರವು ಸಿಗುತ್ತದೆ. ಇದು ಕಾಗದದ ಮೇಲಿನ ಹಕ್ಕಲ್ಲ. ಮತ್ತೊಂದು ಪ್ರಕರಣದಲ್ಲಿ, ಆಟಿಸಂ ಇದ್ದ ಮಗನನ್ನು ಸುಮಾರು ಒಂದು ವರ್ಷ ಮನೆಯಿಂದ ದೂರವಿಟ್ಟದ್ದು ಕಾನೂನುಬಾಹಿರವೆಂದು, ತಂದೆ ಹಟ ಬಿಡದೆ ಹೋರಾಡಿದ ಮೇಲೆ, ಲಂಡನ್ನಿನ ಹಿಲಿಂಗ್‌ಡನ್ ಕೌನ್ಸಿಲ್ ವಿರುದ್ಧ 2011ರಲ್ಲಿ ತೀರ್ಪಾಯಿತು.

ಆದರೆ ಅಮ್ಮ ಅಲ್ಲಿಯೇ ಇರಬೇಕೆಂಬುದು ನಿಮ್ಮ ದೃಢ ಅಭಿಪ್ರಾಯವಾಗಿದ್ದು, ಅವರು ಮಾತ್ರ ಮನೆಗೆ ಹೋಗಬೇಕೆಂದು ದಿನವೂ ಕೇಳುತ್ತಿದ್ದರೆ, ಪ್ರತಿನಿಧಿಯ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡುವುದನ್ನು ಯೋಚಿಸಿ. ಮನೆಯವರಲ್ಲಿ ಯಾರೂ ಇಲ್ಲದಿದ್ದರೆ ಕೌನ್ಸಿಲೇ ವೇತನ ಕೊಟ್ಟು ಒಬ್ಬರನ್ನು ನೇಮಿಸುತ್ತದೆ. ನೀವು ಮಗನಾಗಿ ಪಕ್ಕದಲ್ಲಿ ಕೂರಬಹುದು.