ಪಾರಿವಾಳದ ಧೂಳು, ಎದೆಯೊಳಗಿನ ಕಲೆ: ಸ್ಕ್ಯಾನ್‌ಗಳು ಕಾಣಲು ಕಲಿತ ಬಗೆ

2025ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಮುಂಬೈನ ಕಬೂತರ್‌ಖಾನೆಗಳನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗಗಳನ್ನು, ಮುಚ್ಚಿಸಲು ಪಾಲಿಕೆಗೆ ಹೇಳಿತು. ಪಾರಿವಾಳದ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬರುತ್ತದೆ ಅನ್ನುವುದು ಅದಕ್ಕೆ ಕಾರಣ. ಅಲ್ಲಿಂದ ದಾದರ್, ಮಾಟುಂಗದ ಕನ್ನಡದ ಮನೆಗಳಲ್ಲೂ ಅದೇ ಮಾತು. ಕಾಳು ಹಾಕುವುದು ಪುಣ್ಯವೋ ಅಲ್ಲವೋ ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಕಾಯಿಲೆ ಬಂದವರ ಎದೆಯೊಳಗೆ ಆಗಿರುವುದು ಊತವೋ, ಕಲೆಯೋ ಅಂತ ಬೇಗ ಗೊತ್ತಾಗಬೇಕು. ನನಗೆ ಅದು ಎಲ್ಲಕ್ಕಿಂತ ಮುಖ್ಯ.

ಹಿಕ್ಕೆ, ಪುಕ್ಕದ ಪುಡಿ ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದಾಗ ಕೆಲವರಿಗೆ ಅದು ಒಗ್ಗುವುದಿಲ್ಲ, ಶ್ವಾಸಕೋಶದಲ್ಲಿ ಉರಿಯೂತ ಶುರುವಾಗುತ್ತದೆ. ಇದಕ್ಕೆ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಅನ್ನುತ್ತಾರೆ. ಧೂಳಿನಿಂದ ದೂರ ಹೋದರೆ, ಸ್ಟೆರಾಯ್ಡ್ ಕೊಟ್ಟರೆ ಊತ ಎಷ್ಟೋ ಸಲ ಇಳಿಯುತ್ತದೆ. ಆದರೆ ಅದು ಹಾಗೇ ಮುಂದುವರಿದರೆ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳು ಕೊಲಾಜೆನ್ ಸುರಿಯುತ್ತಾ ಹೋಗುತ್ತವೆ. ದೊಡ್ಡ ಗಾಯ ಮಾಯ್ದ ಜಾಗದಲ್ಲಿ ಚರ್ಮ ಗಟ್ಟಿಯಾಗುತ್ತದಲ್ವಾ, ಹಾಗೆ ಶ್ವಾಸಕೋಶವೂ ಗಟ್ಟಿಯಾಗಿ ಹಿಗ್ಗುವುದನ್ನು ಬಿಡುತ್ತದೆ. ಅದೇ ಫೈಬ್ರೋಸಿಸ್. ಆಮೇಲೆ ಸ್ಟೆರಾಯ್ಡ್ ಎಷ್ಟು ನುಂಗಿದರೂ ಆ ಕಲೆ ಕರಗುವುದಿಲ್ಲ.

ಪಾರಿವಾಳ ಸಾಕುವವರ ಶ್ವಾಸಕೋಶದ ಕಾಯಿಲೆಯನ್ನು ಅಮೆರಿಕದ ವೈದ್ಯರು 1965ರಲ್ಲೇ ಬರೆದಿಟ್ಟಿದ್ದರು. ಆಗ ಕೈಯಲ್ಲಿದ್ದದ್ದು ಮುಖ್ಯವಾಗಿ ಎಕ್ಸ್‌ರೇ. ಅದರಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದು ಮಸುಕಾಗಿ ಕಾಣುತ್ತದೆ, ಶುರುವಿನಲ್ಲಂತೂ ಏನೂ ಕಾಣದೇ ಹೋಗಬಹುದು. ನಮ್ಮಲ್ಲಿ ಇನ್ನೊಂದು ತೊಂದರೆ: ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ, ಜೊತೆಗೆ ಕೆಮ್ಮು ಅಂದರೆ ಟಿಬಿ ಇರಬೇಕು ಅಂತ ಮಾತ್ರೆ ಶುರು ಮಾಡಿ ತಿಂಗಳುಗಳನ್ನು ಕಳೆಯುವುದು. ಟಿಬಿ ಜಾಸ್ತಿ ಇರುವ ಊರಿನಲ್ಲಿ ಆ ಅನುಮಾನ ಸಹಜವೇ. ಆದರೆ ಅಷ್ಟರಲ್ಲಿ ಕಲೆ ಬೆಳೆದಿರುತ್ತದೆ.

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ಆಯಿತು. ಶ್ವಾಸಕೋಶಕ್ಕೆ ನಿಜವಾದ ಬದಲಾವಣೆ ಬಂದದ್ದು 1980ರ ದಶಕದಲ್ಲಿ, ಎಚ್‌ಆರ್‌ಸಿಟಿಯಿಂದ, ಅಂದರೆ ತೆಳು ಪದರಗಳಲ್ಲಿ ಸೂಕ್ಷ್ಮವಾಗಿ ತೋರಿಸುವ ಸಿಟಿಯಿಂದ. ಮೊದಲು ಸುಮಾರು 10 ಮಿಲಿಮೀಟರ್ ದಪ್ಪದ ಪದರಗಳಲ್ಲಿ ನೋಡುತ್ತಿದ್ದದ್ದು ಈಗ 1 ಮಿಲಿಮೀಟರ್ ಆಸುಪಾಸಿಗೆ ಇಳಿಯಿತು. ಮಂಜು ಕವಿದ ಗಾಜಿನಂಥ ಬಿಳುಪು ಕಂಡರೆ ಹೆಚ್ಚಾಗಿ ಊತ, ಎಳೆಎಳೆಯಾದ ಗೆರೆಗಳು, ಎಳೆದಾಡಿ ಅಗಲವಾದ ಉಸಿರುನಾಳ, ಜೇನುಗೂಡಿನಂಥ ತೂತುಗಳು ಕಂಡರೆ ಕಲೆ. ಉಸಿರು ಬಿಟ್ಟಾಗ ಇನ್ನೊಂದು ಸುತ್ತು ಚಿತ್ರ ತೆಗೆದರೆ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡ ಗಾಳಿಯೂ ಕಾಣುತ್ತದೆ, ಈ ಕಾಯಿಲೆಗೆ ಅದು ದೊಡ್ಡ ಸುಳಿವು.

ಭಾರತದ 19 ಊರುಗಳ 27 ಆಸ್ಪತ್ರೆಗಳ 1,084 ರೋಗಿಗಳ ಒಂದು ದಾಖಲೆ 2017ರಲ್ಲಿ ಪ್ರಕಟವಾಯಿತು. ಶ್ವಾಸಕೋಶದಲ್ಲಿ ಊತ, ಕಲೆ ತರುವ ಇಂಥ ಕಾಯಿಲೆಗಳಲ್ಲಿ ಶೇ. 47ರಷ್ಟು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ಸೇ! ಅದರಲ್ಲಿ ಪಾರಿವಾಳಕ್ಕಿಂತ ಬೂಷ್ಟು ಹಿಡಿಯುವ ಏರ್ ಕೂಲರ್‌ಗಳ ಹೆಸರೇ ಮುಂದಿತ್ತು, ಅದನ್ನೂ ಹೇಳಲೇಬೇಕು. 2020ರಲ್ಲಿ ಅಮೆರಿಕ, ಜಪಾನ್, ಲ್ಯಾಟಿನ್ ಅಮೆರಿಕದ ವೈದ್ಯ ಸಂಘಗಳು ಕಾಯಿಲೆ ಎಷ್ಟು ದಿನದ್ದು ಅನ್ನುವ ಹಳೆಯ ವಿಂಗಡಣೆಯನ್ನು ಬಿಟ್ಟು, ಕಲೆ ಇದೆಯೋ ಇಲ್ಲವೋ ಅಂತ ಎರಡೇ ಗುಂಪು ಮಾಡಿದವು. ಸರಿಯಾದ ನಿರ್ಧಾರ. ಔಷಧಿ ತೀರ್ಮಾನವಾಗುವುದೂ ಅದರ ಮೇಲೇ: ಕಲೆ ಹೆಚ್ಚುತ್ತಲೇ ಹೋಗುವವರಿಗೆ ನಿಂಟೆಡನಿಬ್ ಅದರ ವೇಗ ತಗ್ಗಿಸುತ್ತದೆ, ಆದ ಕಲೆಯನ್ನು ಅಳಿಸುವುದಿಲ್ಲ.

ಆದರೂ ಸಿಟಿ ತೋರಿಸುವುದು ಆಗಿಹೋದ ಕಲೆಯನ್ನು. ಈಗ ಆಗುತ್ತಿರುವುದು? ಅದಕ್ಕೆ ಪೆಟ್ ಸ್ಕ್ಯಾನ್ ಇದೆ, ಮೈಯೊಳಗೆ ಬಿಟ್ಟ ವಿಕಿರಣದ ವಸ್ತು ಎಲ್ಲಿ ಸೇರುತ್ತದೆ ಅಂತ ಅದು ತೋರಿಸುತ್ತದೆ. ಭಾರತಕ್ಕೆ ಅದು ಮೊದಲು ಬಂದದ್ದು ನಮ್ಮ ಮುಂಬೈನ ಪರೇಲ್‌ಗೇ, 2002ರಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ರೇಡಿಯೇಷನ್ ಮೆಡಿಸಿನ್ ಸೆಂಟರ್‌ಗೆ. ಅದರಲ್ಲಿ ಸಾಮಾನ್ಯವಾಗಿ ಬಳಸುವ ಎಫ್‌ಡಿಜಿ ಸಕ್ಕರೆಯಂಥ ವಸ್ತು, ಊತ ಇರುವಲ್ಲಿ ಹೋಗಿ ಸೇರುತ್ತದೆ. 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನವರು ಕ್ಯಾನ್ಸರ್‌ಗಾಗಿ ಫ್ಯಾಪಿ ಅನ್ನುವ ಹೊಸ ವಸ್ತುಗಳ ಬಗ್ಗೆ ಬರೆದರು, ಅವು ಕೆಲಸದಲ್ಲಿ ತೊಡಗಿದ ಫೈಬ್ರೋಬ್ಲಾಸ್ಟ್‌ಗಳಿಗೇ ಅಂಟುತ್ತವೆ. 2020ರಲ್ಲಿ ಜರ್ಮನಿಯದೇ ಎರ್ಲಾಂಗೆನ್‌ನವರು ಐಜಿಜಿ4 ಅನ್ನುವ ಉರಿಯೂತದ ಕಾಯಿಲೆಯಲ್ಲಿ ಎಫ್‌ಡಿಜಿ, ಫ್ಯಾಪಿ ಎರಡನ್ನೂ ಹೋಲಿಸಿದಾಗ ಊತ ಒಂದು ಕಡೆ, ಕಲೆ ಕಟ್ಟುವ ಕೆಲಸ ಇನ್ನೊಂದು ಕಡೆ ಅಂತ ಬೇರೆಬೇರೆಯಾಗಿ ಕಂಡಿತು. ಫ್ಯಾಪಿ ಕ್ಯಾನ್ಸರ್‌ನಲ್ಲೂ, ಮಾಯುತ್ತಿರುವ ಗಾಯದಲ್ಲೂ ಹೊಳೆಯುತ್ತದೆ. ಹಾಗಾಗಿ ಉರಿಯೂತದ ಕಾಯಿಲೆಗಳಿಗೆ ಇದಿನ್ನೂ ಸಂಶೋಧನೆಯ ಹಂತದಲ್ಲಿದೆ, ಎಚ್‌ಆರ್‌ಸಿಟಿಗೆ ಬದಲಿ ಅಲ್ಲ.

ವಾರಗಟ್ಟಲೆ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಸುಮ್ನೆ ಕಾಯಬೇಡಿ. ಕಿಟಕಿಯ ಎಸಿ ಮೇಲೆ ಪಾರಿವಾಳ ಗೂಡು ಕಟ್ಟಿರುವುದನ್ನೂ, ಕೂಲರ್ ಇರುವುದನ್ನೂ ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ ಹೇಳಿ. ಎಚ್‌ಆರ್‌ಸಿಟಿ ಬರೆದುಕೊಟ್ಟರೆ ಉಸಿರು ಬಿಟ್ಟಾಗಿನ ಚಿತ್ರವೂ ಬೇಕಾ ಅಂತ ಕೇಳಿ. ರಿಪೋರ್ಟ್ ಬಂದ ಮೇಲೆ ಕಲೆ ಶುರುವಾಗಿದೆಯಾ, ಹಳೆಯ ಸ್ಕ್ಯಾನ್‌ಗಿಂತ ಬೆಳೆದಿದೆಯಾ ಅಂತ ಬಾಯಿಬಿಟ್ಟು ಕೇಳಿ, ಹಳೆಯ ಸಿಡಿಗಳನ್ನು ಎಸೆಯಬೇಡಿ.