ಹಾಲೂ ಪಾಲೂ: ‘ಪಾಲ್’ ಎಂಬ ಒಂದು ಉಲಿಯ ಹಿಂದಿನ ಹಲವು ಬೇರುಗಳು

ತಮಿಳು, ಮಲಯಾಳಂಗಳಲ್ಲಿ ‘ಪಾಲ್’ ಎಂದರೆ ಹಾಲು. ಕನ್ನಡದಲ್ಲಿ ‘ಪಾಲು’ ಎಂದರೆ ಹಂಚಿಕೆಯಲ್ಲಿ ಬರುವ ಭಾಗ. ತೆಲುಗಿನ ‘ಪಾಲು’ ಹಾಲೂ ಹೌದು, ಭಾಗವೂ ಹೌದು. ಹಿಂದಿಯ ‘ಪಾಲ್’ ದೋಣಿಯ ಹಾಯಿ, ಬಂಗಾಳದಲ್ಲಿ ಅದು ಮನೆತನದ ಹೆಸರು. ಫ್ರೆಂಚಿನಲ್ಲಿ ನೆಲಕ್ಕೆ ಹೂಳುವ ಗೂಟ, ಹಂಗೇರಿಯಲ್ಲಿ ಸಂತ ಪೌಲನ ಹೆಸರು. ಯಾವ ಭಾಷೆ ಯಾವುದರಿಂದ ಹುಟ್ಟಿತು ಎಂಬ ವಾದ ಎದ್ದಾಗಲೆಲ್ಲ ಈ ಪುಟ್ಟ ಪದವನ್ನು ಸಾಕ್ಷಿಗೆ ಎಳೆದು ತರುತ್ತಾರೆ. ಒಬ್ಬರು ಹಾಲನ್ನು ತಮಿಳಿನ ಮಗು ಮಾಡುತ್ತಾರೆ, ಇನ್ನೊಬ್ಬರು ಗೋಪಾಲನಲ್ಲಿ ಹಾಲನ್ನು ಕಾಣುತ್ತಾರೆ. ವಾದ ಬೆಳೆಯುತ್ತದೆ, ಪದದ ಚರಿತ್ರೆ ಮಾತ್ರ ಬದಿಗೆ ಸರಿಯುತ್ತದೆ.

ಇವುಗಳಲ್ಲಿ ದಕ್ಷಿಣದ ಭಾಷೆಗಳು ಒಂದೇ ಕುಟುಂಬದವು ಎಂದು ಮದ್ರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲಿ ತೋರಿಸಿದರು. ಕಾಲ್ಡ್‌ವೆಲ್‌ರ ತೌಲನಿಕ ವ್ಯಾಕರಣ 1856ರಲ್ಲಿ, ಕಿಟ್ಟೆಲ್ಲರ ಕೋಶ 1894ರಲ್ಲಿ, ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ 1961ರಲ್ಲಿ ಬಂದವು. ಆ ಕೊನೆಯ ಕೋಶದಲ್ಲಿ ಹಾಲಿನ ‘ಪಾಲ್’ ಮತ್ತು ಭಾಗದ ‘ಪಾಲ್’ ಬೇರೆ ಬೇರೆ ನಮೂದುಗಳು. ಉಲಿ ಒಂದೇ, ಬೇರು ಎರಡು. ಅವೆರಡೂ ಮೂಲ ದ್ರಾವಿಡದ, ಅಂದರೆ ಈ ಕುಟುಂಬದ ಭಾಷೆಗಳೆಲ್ಲ ಕವಲೊಡೆದ ಹಿರಿಯ ಭಾಷೆಯ, ಆಸ್ತಿ. ಬಲೂಚಿಸ್ತಾನದ ಬ್ರಾಹೂಯಿ ಎಂಬ ದ್ರಾವಿಡ ಭಾಷೆಯಲ್ಲಿ ಇಂದಿಗೂ ಹಾಲಿಗೆ ‘ಪಾಲ್ಹ್’ ಎನ್ನುತ್ತಾರೆ. ಅಷ್ಟು ದೂರದ ಭಾಷೆಯಲ್ಲೂ ಉಳಿದ ಪದವನ್ನು ದಕ್ಷಿಣದ ಯಾವುದೋ ಒಂದು ಭಾಷೆ ಉಳಿದವಕ್ಕೆ ಸಾಲ ಕೊಟ್ಟಿತು ಎನ್ನಲು ಆಧಾರವಿಲ್ಲ. ಅದು ಎಲ್ಲರಿಗೂ ಹಿರಿಯರಿಂದ ಬಂದದ್ದು.

ಹಾಗಾದರೆ ಕನ್ನಡದ ಹಾಲಿಗೆ ಹಕಾರ ಎಲ್ಲಿಂದ ಬಂತು? ಉತ್ತರ ಒಂದು ಊರಿನ ಹೆಸರಿನಲ್ಲೇ ಇದೆ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಸುಮಾರು ಕ್ರಿ.ಶ. 450ರದೆಂದು ಎಣಿಕೆ. ಅದರಲ್ಲಿ ಊರಿನ ಹೆಸರು ಪಕಾರದಿಂದಲೇ ಶುರು: ಪಲ್ಮಡಿ. 941ರ ಹೊತ್ತಿಗೆ ಬರೆದ ಪಂಪನಲ್ಲೂ ಪಾಲ್, ಪೂ, ಪುಲಿ, ಪೆಸರ್ ಎಂಬ ರೂಪಗಳೇ. ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ಹಕಾರ ಅಲ್ಲಲ್ಲಿ ತಲೆ ಹಾಕುತ್ತದೆ. ಪಕಾರ ಹಕಾರ ಎರಡೂ ಕೆಲವು ಶತಮಾನ ಅಕ್ಕಪಕ್ಕ ಬಾಳುತ್ತವೆ, ಒಂದೇ ಬರಹದಲ್ಲಿ ಕೂಡ. ನಡುಗನ್ನಡ ನೆಲೆನಿಲ್ಲುವ ಹೊತ್ತಿಗೆ ಪಾಲ್ ಹಾಲಾಗಿದೆ, ಪುಲಿ ಹುಲಿ, ಪಲ್ ಹಲ್ಲು, ಪಣ್ ಹಣ್ಣು, ಪೊನ್ ಹೊನ್ನು, ಪಾವು ಹಾವು.

ಬಾಯಿಯಲ್ಲಿ ಆದದ್ದು ಸರಳ. ಪಕಾರಕ್ಕೆ ತುಟಿಗಳೆರಡೂ ಪೂರ್ತಿ ಮುಚ್ಚಬೇಕು. ಆ ಬಿಗಿ ಸಡಿಲವಾದರೆ ತುಟಿಗಳ ನಡುವೆ ಗಾಳಿ ಸೋರುತ್ತದೆ. ತುಟಿಯ ಕೆಲಸವೇ ನಿಂತರೆ ಉಳಿಯುವುದು ಬರೀ ಉಸಿರು, ಅದೇ ಹಕಾರ. ಇದು ಪದದ ಮೊದಲಲ್ಲಿ ಮಾತ್ರ ನಡೆದ ಬದಲಾವಣೆ. ಪದದ ಒಳಗೆ ಸಿಕ್ಕಿಕೊಂಡ ಹಳೆಯ ಪಕಾರ ತಾನೇ ಉಳಿಯಿತು, ಇಲ್ಲವೇ ಬಕಾರ, ವಕಾರವಾಗಿ ಉಳಿಯಿತು. ‘ಹತ್ತು’ ಎನ್ನುತ್ತೇವೆ, ಆದರೆ ಎಣಿಕೆ ಮುಂದುವರಿದರೆ ‘ಇಪ್ಪತ್ತು’, ‘ಐವತ್ತು’, ‘ಎಪ್ಪತ್ತು’. ಒಳಗೆ ಕೂತಿರುವುದು ‘ಪತ್ತು’. ಶಾಲೆಯಲ್ಲಿ ಆದೇಶ ಸಂಧಿಗೆ ಕೊಡುವ ಕಂಬನಿಯನ್ನು ಬಿಡಿಸಿದರೆ ಕಣ್ ಮತ್ತು ಪನಿ. ಆ ಪನಿಯೇ ಈಗ ಹನಿ. ಹೆಬ್ಬುಲಿಯ ಒಳಗೆ ಪುಲಿ, ಹೆಬ್ಬಾವಿನ ಒಳಗೆ ಪಾವು ಇವೆ. ಹಾಲಿಗೂ ಇಂಥ ಸಾಕ್ಷಿ ಉಂಟು: ನೊರೆವಾಲು. ನೊರೆ ಮತ್ತು ಪಾಲ್ ಸೇರಿ ಆದ ಪದ ಅದು. ಹಲ್ಮಿಡಿ ಶಾಸನದಲ್ಲೇ ಪಲ್ಮಡಿಯ ಜೊತೆಗೆ ಬರುವ ಇನ್ನೊಂದು ಊರು ಮೂೞಿವಳ್ಳಿ. ಅಲ್ಲಿಯ ‘ವಳ್ಳಿ’ ಅಂದಿನ ಪಳ್ಳಿ, ಇಂದಿನ ಹಳ್ಳಿ.

ಸಂಸ್ಕೃತ, ಪ್ರಾಕೃತಗಳಿಂದ ಬಂದ ಪದಗಳೂ ಈ ಬದಲಾವಣೆಯ ಕಾಲವನ್ನು ತೋರಿಸುತ್ತವೆ. ಮೊದಲೇ ಬಂದು ಜನರ ಬಾಯಲ್ಲಿ ನೆಲೆಯಾದ ಪರ್ವ ‘ಹಬ್ಬ’ವಾಯಿತು, ಪಕ್ಷಿ ‘ಹಕ್ಕಿ’ಯಾಯಿತು. ಓದುಬರಹದ ದಾರಿಯಲ್ಲಿ ಬಂದ ಪಾಪ, ಪುಣ್ಯ, ಪಾಠಗಳು ಪಕಾರ ಬಿಡಲಿಲ್ಲ.

ಇಷ್ಟಾದರೂ ಭಾಗ ಎಂಬ ಅರ್ಥದ ‘ಪಾಲು’ ಇಂದಿನ ಕನ್ನಡದಲ್ಲಿ ಹಾಲಾಗದೆ ಉಳಿದಿದೆ. ಹಾಲಿನೊಡನೆ ಗೊಂದಲ ತಪ್ಪಿಸಲು ಹಾಗಾಯಿತು ಎಂಬ ವಿವರಣೆ ಕಿವಿಗೆ ಹಿತವಾಗಿದೆ. ಆದರೆ ಅದೊಂದೇ ಸಾಲದು. ಪಾೞ್ ಎಂಬ ಒಂದೇ ಪದ ಇಂದು ‘ಪಾಳು’ ಬಿದ್ದ ಮನೆಯೂ ಆಗಿದೆ, ‘ಹಾಳು’ ಬಿದ್ದ ಮನೆಯೂ ಆಗಿದೆ. ಹಳಗನ್ನಡದ ‘ಪಡೆ’ ದಕ್ಕಿಸಿಕೊಳ್ಳುವ ಅರ್ಥದಲ್ಲಿ ಹಾಗೇ ನಿಂತು, ಹೆರುವ ಅರ್ಥದಲ್ಲಿ ‘ಹಡೆ’ ಆಗಿದೆ. ಅಂದರೆ ಬದಲಾವಣೆಯ ಅಲೆ ಎಲ್ಲ ಪದಗಳನ್ನೂ ಒಂದೇ ಸಮ ತೋಯಿಸಲಿಲ್ಲ. ತೋಯದೆ ಉಳಿದ ರೂಪಕ್ಕೆ ಭಾಷೆ ಬೇರೆ ಕೆಲಸ ಹಚ್ಚಿತು. ಪಾಲಿಗೆ ಸಿಕ್ಕ ಕೆಲಸವಂತೂ ದೊಡ್ಡದು. ಮನೆ ಪಾಲು, ಪಾಲುದಾರ, ‘ನನ್ನ ಪಾಲಿಗೆ’, ಬೀದಿಪಾಲು, ನೀರುಪಾಲು, ಮಣ್ಣುಪಾಲು: ಆಸ್ತಿಯ ಲೆಕ್ಕದಿಂದ ಹೊರಟು ವಿಧಿಯ ಲೆಕ್ಕದವರೆಗೆ ಹರಡಿಕೊಂಡಿದೆ.

ಅಕ್ಕಪಕ್ಕದ ಭಾಷೆಗಳು ಅದೇ ಗೊಂದಲವನ್ನು ಬೇರೆ ರೀತಿ ನಿಭಾಯಿಸುತ್ತವೆ. ತೆಲುಗಿನಲ್ಲಿ ಹಾಲು ಯಾವಾಗಲೂ ಬಹುವಚನ. ಹಾಲು ಒಡೆದರೆ ‘ಪಾಲು ವಿರಿಗಿಪೋಯಾಯಿ’ ಎಂದು ಕ್ರಿಯಾಪದವೂ ಬಹುವಚನ ತಾಳುತ್ತದೆ. ಭಾಗದ ಪಾಲು ಏಕವಚನ. ಗೊತ್ತಿಲ್ಲದ ಕನ್ನಡಿಗರು ಹಾಲಿಗೂ ಏಕವಚನದ ಕ್ರಿಯಾಪದ ಹಚ್ಚುವುದು ಇಲ್ಲೇ. ತಮಿಳಿನಲ್ಲಿ ಭಾಗದ ‘ಪಾಲ್’ ವ್ಯಾಕರಣದ ಪಾರಿಭಾಷಿಕ ಪದವೂ ಆಯಿತು. ಲಿಂಗ-ವಚನಗಳ ಐದು ವಿಭಾಗಗಳಿಗೆ ‘ಪಾಲ್’ ಎಂದೇ ಹೆಸರು: ಆಣ್‌ಪಾಲ್ ಎಂದರೆ ಗಂಡು, ಪೆಣ್‌ಪಾಲ್ ಎಂದರೆ ಹೆಣ್ಣು. ತಿರುಕ್ಕುರಳಿಗೆ ‘ಮುಪ್ಪಾಲ್’ ಎಂಬ ಹೆಸರು ಬಂದದ್ದು ಅದಕ್ಕೆ ಮೂರು ಭಾಗಗಳಿರುವುದರಿಂದ. ತುಳುವಿನ ದಾರಿ ಮತ್ತೂ ಬೇರೆ. ಅದು ಪಿಲಿ (ಹುಲಿ), ಪೂ, ಪುದರ್ (ಹೆಸರು) ಎಂದು ಪಕಾರವನ್ನು ಉಳಿಸಿಕೊಂಡಿದೆ, ಆದರೆ ದಿನದ ಮಾತಿನ ಹಾಲು ‘ಪೇರ್’. ಹಳೆಯ ‘ಪಾಲ್’ ಅಲ್ಲಿ ಸಿಗುವುದು ಮರದ ಹೆಸರಿನಲ್ಲಿ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು ಕಷಾಯ ಮಾಡುವ ‘ಪಾಲೆ’ ಮರ, ಕನ್ನಡದ ‘ಹಾಲೆ’. ಗಾಯವಾದರೆ ಬಿಳಿ ಹಾಲು ಒಸರುವ ಮರ ಅದು. ಇಲ್ಲಿ ಗುರುತು ತಪ್ಪಬಾರದು: ಕತ್ತಲಲ್ಲಿ ವಿಷದ ಕಾಸರಕನ ಮರದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು. ‘ಪಾಲೆ’ಯನ್ನು ಅಡಿಕೆಯ ‘ಪಾಳೆ’ಯೊಡನೆ, ಅಂದರೆ ಕನ್ನಡದ ಹಾಳೆಯೊಡನೆ, ಬೆರೆಸುವುದೂ ತಪ್ಪು. ಲಕಾರ, ಳಕಾರ ಬೇರೆಯಾದಲ್ಲಿ ಬೇರೂ ಬೇರೆ ಇರಬಹುದು ಎಂದು ಮೊದಲು ಎಣಿಸಬೇಕು.

ಗೋಪಾಲನ ‘ಪಾಲ’ ಹಾಲು, ಭಾಗ ಎರಡಕ್ಕೂ ಸೇರಿದ್ದಲ್ಲ. ಅದು ಕಾಯುವುದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಹಸುವಿನ ಜೊತೆ ಬಂದಾಗ ಹಾಲಿನ ನೆನಪಾಗುವುದು ಸಹಜ, ಆದರೆ ಅದೇ ‘ಪಾಲ’ ದ್ವಾರಪಾಲ, ದಿಕ್ಪಾಲ, ಕ್ಷೇತ್ರಪಾಲ, ರಾಜ್ಯಪಾಲರಲ್ಲೂ ಇದೆ. ಒಂದು ಪದಕ್ಕೆ ಹೇಳಿದ ಮೂಲ ಅದರ ಸಾಲಿನ ಉಳಿದ ಪದಗಳಿಗೂ ಒಪ್ಪಬೇಕು. ಇಲ್ಲಿ ಹಾಲು ಒಪ್ಪುವುದಿಲ್ಲ, ಕಾಯುವುದು ಒಪ್ಪುತ್ತದೆ. ಬಂಗಾಳದ ಪಾಲ ದೊರೆಗಳ ಹೆಸರಿನಲ್ಲಿರುವುದೂ ಇದೇ.

ಲಿಪಿಯೂ ದಾರಿ ತಪ್ಪಿಸುತ್ತದೆ. ತಮಿಳು ಲಿಪಿಯಲ್ಲಿ ಪಕಾರಕ್ಕೂ ಬಕಾರಕ್ಕೂ ಒಂದೇ ಅಕ್ಷರ. ಬಾಲಕೃಷ್ಣನ್ ಎಂಬ ಹೆಸರಿನ ‘ಬಾಲ’ವೂ ಹಾಲಿನ ‘ಪಾಲ್’ ಬರೆಯುವ ಅಕ್ಷರಗಳಿಂದಲೇ ಶುರುವಾಗುತ್ತದೆ. ಅಕ್ಷರವನ್ನಷ್ಟೇ ನೋಡಿ ಮಗುವಿಗೂ ಹಾಲಿಗೂ ನಂಟು ಕಟ್ಟಿದ ವಾದಗಳು ಹುಟ್ಟುವುದು ಹೀಗೆ. ಸ್ವರದ ಉದ್ದವೂ ಮುಖ್ಯ: ಹಿಂದಿಯಲ್ಲಿ ಕ್ಷಣ ಎಂಬ ಅರ್ಥದ ‘ಪಲ್’ ಹ್ರಸ್ವ. ಅದು 24 ಸೆಕೆಂಡಿನ ಸಂಸ್ಕೃತ ‘ಪಲ’. ಅಂಥ 60 ಸೇರಿದರೆ 24 ನಿಮಿಷದ ಒಂದು ಘಟಿ.

ಎಲ್ಲಕ್ಕಿಂತ ದೂರ ಅಲೆದದ್ದು ಇಂಗ್ಲಿಷಿನಲ್ಲಿ ಗೆಳೆಯ ಎಂಬ ಅರ್ಥದ ‘ಪ್ಯಾಲ್’. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ರೋಮಾನಿ ಜನರ ಮಾತಿನಿಂದ ಅದು ಇಂಗ್ಲಿಷಿಗೆ ಬಂತು. ರೋಮಾನಿಯ ‘ಫ್ರಾಲ್’ ಎಂದರೆ ಅಣ್ಣತಮ್ಮ, ಅದರ ಮೂಲ ಸಂಸ್ಕೃತದ ಭ್ರಾತೃ. ಸುಮಾರು ಸಾವಿರ ವರ್ಷದ ಹಿಂದೆ ಭಾರತ ಬಿಟ್ಟ ಈ ಜನರ ಬಾಯಲ್ಲಿ ಭಕಾರ ಫಕಾರವಾಯಿತು, ಇಂಗ್ಲೆಂಡಿನಲ್ಲಿ ರಕಾರವೂ ಬಿದ್ದುಹೋಯಿತು. ಹೀಗೆ ನಮ್ಮ ಪಾಲಿಗೆ ತೀರ ಹತ್ತಿರ ಕೇಳಿಸುವ ಪದ ಪಾಲಿಗೆ ಏನೂ ಆಗಬೇಕಿಲ್ಲ, ಕಿವಿಗೆ ದೂರವಾದ ಹಿಂದಿಯ ‘ಭಾಯಿ’ ಅದಕ್ಕೆ ಹತ್ತಿರದ ನಂಟ.

ಕನ್ನಡ ತಮಿಳುಗಳ ವಾದಕ್ಕೂ ಇದೇ ಅಳತೆ ಸಲ್ಲುತ್ತದೆ. ತಮಿಳು ಪಕಾರವನ್ನು ಉಳಿಸಿಕೊಂಡಿದೆ ಎಂಬುದರಿಂದ ಅದು ತಾಯಿ ಎಂದಾಗುವುದಿಲ್ಲ. ತೆಲುಗು, ತುಳು, ಕೊಡವಗಳೂ ಉಳಿಸಿಕೊಂಡಿವೆ. ಕನ್ನಡ ಬದಲಾಯಿಸಿದೆ ಎಂಬುದರಿಂದ ಅದು ಕಿರಿಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಹತ್ತಾರು ಪದಗಳಲ್ಲಿ ಪಕಾರಕ್ಕೆ ಹಕಾರ ಸಾಲಾಗಿ ಸರಿಹೊಂದುತ್ತದಲ್ಲ, ಆ ಕ್ರಮವೇ ಇವು ಒಡಹುಟ್ಟಿದವು ಎಂಬುದಕ್ಕೆ ಆಧಾರ.

ನಂದಿ ಬೆಟ್ಟದ ಕಡೆ ಹುಟ್ಟಿ ಕೋಲಾರ, ಆಂಧ್ರ ದಾಟಿ ತಮಿಳುನಾಡಿಗೆ ಹರಿಯುವ ಪಾಲಾರ್ ಎಂದರೆ ಹಾಲಿನ ಹೊಳೆ. ಸಂಸ್ಕೃತದಲ್ಲಿ ಅದು ಕ್ಷೀರನದಿ. ನದಿನೀರಿನ ಬಳಕೆ ಕುರಿತ 1892ರ ಮೈಸೂರು-ಮದ್ರಾಸ್ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಅದೂ ಇದೆ. ಹಾಗಾಗಿ ಅದರ ಹೆಸರಿನಲ್ಲಿ ಒಂದು ಪಾಲ್, ನೀರಿನ ಕಡತಗಳಲ್ಲಿ ಇನ್ನೊಂದು ಪಾಲು. ಇತ್ತ ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಹಕಾರವೂ ಕಳಚಿ ಬಿದ್ದು ಹಾಲು ‘ಆಲು’ ಆಗಿದೆ, ಹೂವು ‘ಊವು’ ಆಗಿದೆ. ಪಾಲು ಮಾತ್ರ ಅಲ್ಲೂ ಪಾಲೇ. ‘ಆಲಲ್ಲಿ ನಂಗೂ ಒಂದು ಪಾಲು ಕೊಡವ್ವ’ ಎಂದು ಮಗು ಕೇಳಿದಾಗ ಒಂದು ಕಾಲದಲ್ಲಿ ಒಂದೇ ಉಲಿಯಾಗಿದ್ದ ಎರಡು ಪದಗಳು ಒಂದೇ ಮಾತಿನಲ್ಲಿ ಬೇರೆ ಬೇರೆಯಾಗಿ ಕೇಳಿಸುತ್ತವೆ.