ಅಮ್ಮನಿಗೆ ಹಾಕಿದ ಚುಚ್ಚುಮದ್ದು ಕೂಸಿಗೆ ತಲುಪುವ ದಾರಿ

ದನ ಸಾಕಿದ ಮಲೆನಾಡಿನ ಯಾವ ಮನೆಗೂ ಇದನ್ನು ಹೇಳಿಕೊಡಬೇಕಾಗಿಲ್ಲ: ಕರು ತಡವರಿಸಿ ಎದ್ದು ನಿಲ್ಲುತ್ತಿದ್ದಂತೆ ಅದರ ಬಾಯಿಗೆ ಮೊಲೆ ಸಿಗಬೇಕು. ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ತಿನ್ನುವುದೆಲ್ಲ ಕರುವಿನ ಹೊಟ್ಟೆ ತುಂಬಿದ ಮೇಲಿನ ಮಾತು. ಗಿಣ್ಣು ಕುಡಿಯದ ಕರು ಭೇದಿ ಹತ್ತಿ ಬಿದ್ದುಕೊಳ್ಳುತ್ತದೆ ಎಂಬುದು ಕೊಟ್ಟಿಗೆಯ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಅದೇ ಮನೆಯ ಸೊಸೆಗೆ ಚೊಚ್ಚಲು ಹೆರಿಗೆಯಾದಾಗ ಮಾತ್ರ ಮೊದಲೆರಡು ದಿನದ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸಿ, ಕೂಸಿನ ನಾಲಿಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಹಚ್ಚುವವರು ಇನ್ನೂ ಇದ್ದಾರೆ. ಕರುವಿಗೆ ಇರುವ ನ್ಯಾಯ ಕೂಸಿಗೆ ಯಾಕಿಲ್ಲ?

ಕೊರೊನಾ ಕಾಲದಲ್ಲಿ ಈ ಹಳೆಯ ತಪ್ಪಿಗೆ ಹೊಸ ಹೆದರಿಕೆಯೂ ಸೇರಿಕೊಂಡಿತು. 2020 ಮತ್ತು 2021ರಲ್ಲಿ ಚೊಚ್ಚಲು ಬಸುರಿಯಾಗಿದ್ದ ಹೆಣ್ಣುಮಕ್ಕಳು ಕೇಳಿದ ಬುದ್ಧಿಮಾತುಗಳಿಗೆ ಲೆಕ್ಕವಿಲ್ಲ. ಕಷಾಯ ಕುಡಿ, ಇನ್ನೂ ಕುಡಿ. 2020ರ ಜೂನ್ 21ರ ಸೂರ್ಯಗ್ರಹಣದ ದಿನ ಬಾಗಿಲು ಹಾಕಿಕೊಂಡು ಕೂರು, ಗ್ರಹಣ ಬಿಡುವವರೆಗೆ ನೀರೂ ಬೇಡ. ಲಸಿಕೆ ಬಂದ ಮೇಲೆ, ಅದನ್ನಂತೂ ಮುಟ್ಟಲೇಬೇಡ, ಮಗುವಿಗೆ ಆಗುವುದಿಲ್ಲ. ಹೆತ್ತ ಮೇಲೆ, ಮಗುವನ್ನು ಹತ್ತಿರ ಸೇರಿಸಬೇಡ. ಇವುಗಳಲ್ಲಿ ಕೊನೆಯ ಎರಡು ಮಾತುಗಳು ನನಗೆ ಇವತ್ತಿಗೂ ಸಂಕಟ ತರುತ್ತವೆ. ತಾಯಿಯ ಮೈ ತನ್ನ ಕೂಸಿಗೆ ರೋಗ ಎದುರಿಸುವ ಬಲವನ್ನು ದಾಟಿಸುವ ದಾರಿಗಳು ಎರಡೇ: ಮಾಸು (ಪ್ಲಾಸೆಂಟಾ) ಮತ್ತು ಮೊಲೆಹಾಲು. ಕೂಸನ್ನು ಕಾಪಾಡುವ ಹೆಸರಿನಲ್ಲಿ ನಾವು ಆ ಎರಡೂ ದಾರಿಗಳಿಗೆ ಬೇಲಿ ಹಾಕಿದೆವು.

ಈ ದಾರಿಯನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವರು ಜರ್ಮನಿಯ ಪೌಲ್ ಎರ್ಲಿಶ್, 1892ರಲ್ಲಿ. ಅವರು ಬಳಸಿದ ವಿಷಗಳು ನಮ್ಮ ಹಿತ್ತಿಲಿನವೇ. ಒಂದು ಹರಳು ಬೀಜದ ರೈಸಿನ್, ಇನ್ನೊಂದು ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ಅಬ್ರಿನ್. (ಬಾಣಂತಿಯ ತಲೆಗೆ ತಟ್ಟುವ ಹರಳೆಣ್ಣೆಯಲ್ಲಿ ಈ ವಿಷ ಇರುವುದಿಲ್ಲ, ಅದು ಹಿಂಡಿಯಲ್ಲಿ ಉಳಿದುಬಿಡುತ್ತದೆ.) ಎರ್ಲಿಶ್ ಇಲಿಗಳಿಗೆ ಈ ವಿಷವನ್ನು ಚೂರು ಚೂರೇ ಹೆಚ್ಚಿಸುತ್ತ ತಿನ್ನಿಸಿ, ಅವು ವಿಷವನ್ನು ತಾಳಿಕೊಳ್ಳುವ ಹಾಗೆ ಮಾಡಿದರು. ಹೀಗೆ ಪಳಗಿದ ತಾಯಿಗೆ ಹುಟ್ಟಿದ ಮರಿಗಳಿಗೂ ಆ ತಾಳಿಕೆ ಬಂದಿತ್ತು. ಅಪ್ಪ ಮಾತ್ರ ಪಳಗಿದವನಾಗಿದ್ದರೆ ಬರಲಿಲ್ಲ. ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. ಮರಿಗಳನ್ನು ಅದಲುಬದಲು ಮಾಡಿ, ಏನೂ ಪಳಗದ ತಾಯಿಯ ಮರಿಗಳನ್ನು ಪಳಗಿದ ತಾಯಿಯ ಮೊಲೆಗೆ ಬಿಟ್ಟರು. ಹಾಲು ಕುಡಿದೇ ಆ ಮರಿಗಳು ವಿಷ ತಾಳುವಂತಾದವು. ಅಂದರೆ ತಾಯಿಯಿಂದ ಬರುತ್ತಿದ್ದದ್ದು ವಂಶದ ಗುಣವಲ್ಲ, ಅವಳ ರಕ್ತದಲ್ಲಿ ತಯಾರಾಗಿ ಮಗುವಿಗೆ ಸಾಗುವ ಒಂದು ವಸ್ತು. ಅದನ್ನೇ ಇಂದು ಪ್ರತಿಕಾಯ ಎನ್ನುತ್ತೇವೆ. ರೋಗನಿರೋಧಕ ಶಕ್ತಿಯ ಕೆಲಸಕ್ಕಾಗಿ ಎರ್ಲಿಶ್ 1908ರಲ್ಲಿ ನೊಬೆಲ್ ಪಡೆದರು.

ಆಕಳಿಗೂ ಹೆಂಗಸಿಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಆಕಳ ಮಾಸು ಪ್ರತಿಕಾಯಗಳನ್ನು ಒಳಗೆ ಬಿಡುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಸಿಗುವುದೆಲ್ಲ ಗಿಣ್ಣಿನಿಂದಲೇ, ಅದೂ ಮೊದಲ ದಿನದೊಳಗೆ. ಆಮೇಲೆ ಅದರ ಕರುಳು ಅಷ್ಟು ದೊಡ್ಡ ಅಣುಗಳನ್ನು ರಕ್ತಕ್ಕೆ ಸೇರಿಸುವುದನ್ನು ನಿಲ್ಲಿಸುತ್ತದೆ. ಮನುಷ್ಯರ ಕೂಸಿಗೆ ರಕ್ತದ ಪ್ರತಿಕಾಯಗಳು ಹೊಟ್ಟೆಯೊಳಗೆ ಇದ್ದಾಗಲೇ ಮಾಸಿನ ಮೂಲಕ ಬಂದಿರುತ್ತವೆ. ಮೊಲೆಹಾಲಿನದು ಬೇರೆ ಜಾತಿಯ ಪ್ರತಿಕಾಯ. ಅದು ರಕ್ತಕ್ಕೆ ಸೇರದೆ ಕೂಸಿನ ಗಂಟಲು, ಕರುಳಿನ ಒಳಮೈಗೆ ಲೇಪವಾಗಿ ನಿಂತು, ರೋಗಾಣು ಅಂಟಿಕೊಳ್ಳದಂತೆ ತಡೆಯುತ್ತದೆ. ಮೊದಲ ದಿನಗಳ ಹಳದಿ ಹಾಲಿನಲ್ಲಿ ಅದು ಅತಿ ದಟ್ಟವಾಗಿರುತ್ತದೆ.

ಮಾಸನ್ನು ನೋಡಿದವರಿಗೆ ಅದು ರಕ್ತದ ಗಡ್ಡೆಯಂತೆ ಕಂಡೀತು. ಒಳಗಿನ ರಚನೆ ಬೇರೆಯೇ. ತಾಯಿಯ ರಕ್ತ ಮತ್ತು ಕೂಸಿನ ರಕ್ತ ಅಲ್ಲಿ ಬೆರೆಯುವುದಿಲ್ಲ. ನಡುವೆ ಒಂದು ತೆಳು ಪದರ. ಆ ಪದರ ಸಾವಿರಾರು ಜೀವಕೋಶಗಳನ್ನು ಜೋಡಿಸಿದ ಗೋಡೆಯಲ್ಲ. ಕೋಶಗಳೆಲ್ಲ ಒಂದರಲ್ಲೊಂದು ಕರಗಿ, ನಡುವೆ ಸಂದೇ ಇಲ್ಲದಂತೆ ಹರಡಿದ ಒಂದೇ ಹಾಳೆ. ಮಡಿಕೆಗಳನ್ನು ಬಿಡಿಸಿ ಹಾಸಿದರೆ ದಿನ ತುಂಬಿದಾಗ ಸುಮಾರು 12 ಚದರ ಮೀಟರ್ ಆದೀತು. ಆಮ್ಲಜನಕ, ಗ್ಲೂಕೋಸಿನಂಥ ಪುಟ್ಟ ಅಣುಗಳಿಗೆ ಇದನ್ನು ದಾಟುವುದು ಕಷ್ಟವಲ್ಲ. ಗ್ಲೂಕೋಸಿನ ಅಣುತೂಕ 180. ಪ್ರತಿಕಾಯದ್ದು ಸುಮಾರು ಒಂದೂವರೆ ಲಕ್ಷ! ಅಷ್ಟು ದೊಡ್ಡದು, ಸಂದೇ ಇಲ್ಲದ ಹಾಳೆಯನ್ನು ದಾಟುವುದು ಹೇಗೆ?

ಇದಕ್ಕೆ ಉತ್ತರ ಊಹಿಸಿದವರು ವೇಲ್ಸಿನ ಬ್ಯಾಂಗರ್‌ನಲ್ಲಿದ್ದ ಪ್ರಾಣಿವಿಜ್ಞಾನಿ ಬ್ರ್ಯಾಂಬೆಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಡುಮೊಲಗಳು ಬೆಳೆಯ ಪೀಡೆಯಾಗಿದ್ದವು. ಅವುಗಳ ಸಂತಾನದ ಅಧ್ಯಯನಕ್ಕೆ ಇಳಿದವರು, ತಾಯಿಯ ಪ್ರೋಟೀನುಗಳು ಮರಿಗೆ ಸಾಗುವ ವಿಚಾರಕ್ಕೆ ಬಂದು ನಿಂತರು. ಎಲ್ಲ ಪ್ರೋಟೀನುಗಳೂ ಒಂದೇ ತೆರನಾಗಿ ದಾಟುತ್ತಿರಲಿಲ್ಲ, ಯಾರೋ ಆರಿಸಿ ದಾಟಿಸುತ್ತಿದ್ದಂತೆ ಕಂಡಿತು. ದಾಟಿಸುವ ಒಂದು ಗ್ರಾಹಕ (ರಿಸೆಪ್ಟರ್, ಅಂದರೆ ಪ್ರತಿಕಾಯವನ್ನು ಹಿಡಿದುಕೊಳ್ಳುವ ಪ್ರೋಟೀನು) ಇರಲೇಬೇಕು ಎಂದು ಅವರು 1958ರಲ್ಲಿ ಬರೆದರು. ಅದರ ಜೀನ್ ಕೈಗೆ ಸಿಕ್ಕಿದ್ದು 1989ರಲ್ಲಿ.

ಆ ಗ್ರಾಹಕದ ಕೆಲಸ ಶರಾವತಿ ಹಿನ್ನೀರಿನ ಲಾಂಚಿನ ಕೆಲಸ. ಸೇತುವೆ ಆಗುವ ಮುಂಚೆ ಸಿಗಂದೂರಿಗೆ ಹೋದವರೆಲ್ಲ ಹೊಳೆಬಾಗಿಲಿನಲ್ಲಿ ನೋಡಿದ್ದೀರಿ: ಅಂಬಾರಗೋಡ್ಲು ದಡದಲ್ಲಿ ಬಸ್ಸು, ಜೀಪು ಹತ್ತುತ್ತವೆ, ಕಳಸವಳ್ಳಿ ದಡದಲ್ಲಿ ಇಳಿಯುತ್ತವೆ, ಲಾಂಚು ವಾಪಸು ಬಂದು ಮತ್ತೆ ನಿಲ್ಲುತ್ತದೆ. ಮಾಸಿನ ಹಾಳೆಯೂ ತಾಯಿಯ ದಡದಲ್ಲಿ ರಕ್ತದ ಹನಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಹನಿಯೊಳಗೆ ಏನೇನೋ ಇರುತ್ತದೆ, ಪ್ರತಿಕಾಯವೂ ಇರುತ್ತದೆ. ಒಳಗೆ ಬಂದ ಹನಿ ತುಸು ಹುಳಿಯಾಗುತ್ತದೆ, ಪಿಎಚ್ 6ರ ಆಸುಪಾಸು. ಆ ಹುಳಿಯಲ್ಲಿ ಮಾತ್ರ ಗ್ರಾಹಕ ಪ್ರತಿಕಾಯವನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿತ ಸಿಗದ ಪ್ರೋಟೀನುಗಳು ನಡುನೀರಿನಲ್ಲೇ ಚೂರಾಗಿ ಕೋಶಕ್ಕೆ ಆಹಾರವಾಗುತ್ತವೆ. ಆಚೆ ದಡದಲ್ಲಿ ಕೂಸಿನ ರಕ್ತದ ಪಿಎಚ್ 7.4ರ ಹತ್ತಿರ. ಅಲ್ಲಿ ಹುಳಿ ಇಲ್ಲ, ಹಿಡಿತ ತಾನಾಗಿ ಸಡಿಲುತ್ತದೆ, ಪ್ರತಿಕಾಯ ಇಳಿದುಹೋಗುತ್ತದೆ. ಹತ್ತಿಸುವುದಕ್ಕೂ ಇಳಿಸುವುದಕ್ಕೂ ಬೇರೆ ಯಾರೂ ಬೇಕಿಲ್ಲ, ಹುಳಿಯ ಏರಿಳಿತವೇ ಸಾಕು.

ಎಲ್ಲ ಪ್ರತಿಕಾಯಗಳಿಗೂ ಈ ಲಾಂಚಿನಲ್ಲಿ ಜಾಗವಿಲ್ಲ. ಸೋಂಕು ತಗುಲಿದ ಕೂಡಲೇ ಮೈ ತಯಾರಿಸುವ ‘ಎಂ’ ಜಾತಿಯ ಭಾರಿ ಪ್ರತಿಕಾಯಗಳನ್ನು ಗ್ರಾಹಕ ಹಿಡಿಯುವುದಿಲ್ಲ. ಸ್ವಲ್ಪ ತಡವಾಗಿ ಬರುವ ‘ಜಿ’ ಜಾತಿಯವು ಮಾತ್ರ ದಾಟುತ್ತವೆ. ಸಾಗಣೆ ಶುರುವಾಗುವುದು ಮೂರು ತಿಂಗಳು ಕಳೆದ ಮೇಲೆ, ರಭಸ ಬರುವುದು ಕೊನೆಯ ವಾರಗಳಲ್ಲಿ. 28ರಿಂದ 32ನೇ ವಾರದ ಹೊತ್ತಿಗೆ ಕೂಸಿನ ರಕ್ತದಲ್ಲಿರುವುದು ತಾಯಿಯಲ್ಲಿ ಇರುವುದರ ಅರ್ಧದಷ್ಟು. ದಿನ ತುಂಬಿ ಹುಟ್ಟುವಾಗ ತಾಯಿಗಿಂತಲೂ ಹೆಚ್ಚು! ತಾಯಿಯನ್ನು ಮೀರಿ ಕೂಸಿಗೆ ತುಂಬಿಸಿ ಕಳಿಸುವ ಏರ್ಪಾಡು ಇದು. ದಿನ ತುಂಬದೆ ಹುಟ್ಟಿದ ಮಕ್ಕಳು ಸೋಂಕಿಗೆ ಬೇಗ ಸಿಕ್ಕುವುದಕ್ಕೆ ಇದೂ ಒಂದು ಕಾರಣ. ಕೊರೊನಾ ತಗುಲಿದ ಬಸುರಿಯರಲ್ಲಿ ದಿನ ತುಂಬದ ಹೆರಿಗೆ ಹೆಚ್ಚಾಗಿ ಕಂಡಿತ್ತು ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಬೇಕು.

ಹೀಗೆ ದಾಟಿದ ಪ್ರತಿಕಾಯ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ನಮ್ಮ ತಾಯಿ ಕಾರ್ಡಿನಲ್ಲೇ ಇದೆ. ಬಸುರಿಯರಿಗೆಲ್ಲ ಹಾಕುವ ಟಿಟಿ ಚುಚ್ಚುಮದ್ದು (ಈಗ ಅದರ ಜಾಗದಲ್ಲಿ ಟಿಡಿ) ಯಾರಿಗಾಗಿ? ತಾಯಿಗೂ ಹೌದು, ಮುಖ್ಯವಾಗಿ ಕೂಸಿಗೆ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಗಾಯಕ್ಕೆ ಸಗಣಿಯನ್ನೋ ಬೂದಿಯನ್ನೋ ಹಚ್ಚುತ್ತಿದ್ದ ಕಾಲದಲ್ಲಿ, ಹುಟ್ಟಿದ ಒಂದೆರಡು ವಾರದೊಳಗೆ ಕೂಸು ಬಾಯಿ ಬಿಗಿದುಕೊಂಡು, ಬಿಲ್ಲಿನ ಹಾಗೆ ಬಾಗಿ ಸಾಯುತ್ತಿತ್ತು. ಅದನ್ನು ಗ್ರಹಬಾಧೆ ಎಂದರು, ದೃಷ್ಟಿ ಎಂದರು, ತಾಯತ ಕಟ್ಟಿದರು. ಅದು ಧನುರ್ವಾಯು. ಶುಚಿಯಾದ ಹೆರಿಗೆ ಮತ್ತು ತಾಯಿಗೆ ಹಾಕಿದ ಚುಚ್ಚುಮದ್ದು ಸೇರಿ ಆ ಸಾವುಗಳನ್ನು ಎಷ್ಟು ಇಳಿಸಿದವೆಂದರೆ, 2015ರಲ್ಲಿ ಭಾರತ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶ ಎನಿಸಿಕೊಂಡಿತು. ಆಶಾ ಕಾರ್ಯಕರ್ತೆ ಬಂದು ಕರೆದರೆ ಟಿಟಿಗೆ ತೋಳು ಕೊಡದ ಬಸುರಿ ನಮ್ಮಲ್ಲಿ ಅಪರೂಪ. ಕೊರೊನಾ ಲಸಿಕೆ ಎಂದಾಗ ಅದೇ ತೋಳು ಹಿಂದೆ ಸರಿಯಿತು.

ಹೊಸ ವೈರಾಣು ಬಂದಾಗ ಕೂಸಿಗಿರುವ ತೊಂದರೆ ಏನೆಂಬುದು ಈಗ ಸ್ಪಷ್ಟವಾಗುತ್ತದೆ. ಮಲೆನಾಡಿಗೆ ರೋಗ ಹೊಸದಲ್ಲ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇಂದಿಗೂ ಬಿಟ್ಟುಹೋಗಿಲ್ಲ. ಆದರೆ 2020ರ ವೈರಾಣುವನ್ನು ಯಾವ ತಾಯಿಯ ಮೈಯೂ ಹಿಂದೆ ಕಂಡಿರಲಿಲ್ಲ. ದಡದಲ್ಲಿ ಲಾಂಚು ಸಿದ್ಧವಿದೆ, ಹತ್ತುವವರೇ ಇಲ್ಲ. ಹೆರಿಗೆಗೆ ಕೆಲವೇ ದಿನ ಮೊದಲು ಸೋಂಕು ತಗುಲಿದ ತಾಯಿಯಲ್ಲಿ ದಾಟಬಲ್ಲ ಪ್ರತಿಕಾಯ ತಯಾರಾಗುವಷ್ಟು ಸಮಯವೂ ಇರುವುದಿಲ್ಲ. ಅಂಥ ಕೂಸಿಗೆ ಉಳಿಯುವ ದಾರಿ ಒಂದೇ, ಹಾಲು.

ನನ್ನ ತಂಗಿಗೆ ಆದದ್ದು ಹೀಗೇ. ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ 2020ರ ಮಳೆಗಾಲದ ಕೊನೆಗೆ ಚೊಚ್ಚಲು ಹೆರಿಗೆಗೆಂದು ಪೇಟೆಯ ಒಂದು ಆಸ್ಪತ್ರೆಗೆ ಸೇರಿದಳು. ಕೆಮ್ಮಿಲ್ಲ, ಜ್ವರವಿಲ್ಲ, ಪರೀಕ್ಷೆ ಮಾತ್ರ ಪಾಸಿಟಿವ್. ಹೆರಿಗೆ ಸಲೀಸಾಗಿ ಆಯಿತು. ಕೂಸನ್ನು ಅವಳ ಮುಖಕ್ಕೆ ದೂರದಿಂದ ತೋರಿಸಿ ಬೇರೆ ಕೋಣೆಗೆ ಒಯ್ದರು. ಅಲ್ಲಿ ನಮ್ಮ ಅಮ್ಮ, ಮನೆಯಿಂದ ತಂದ ಬೆಳ್ಳಿಯ ಒಳಲೆಯಲ್ಲಿ ಡಬ್ಬದ ಪುಡಿಹಾಲು ಕಲಸಿ ಹನಿ ಹನಿ ಕುಡಿಸುತ್ತಿದ್ದರು. ಮೇಲಿನ ವಾರ್ಡಿನಲ್ಲಿ ತಂಗಿ, ಹಾಲು ಕಟ್ಟಿ ಎದೆ ಕಲ್ಲಾಗಿ, ಫೋನಿನಲ್ಲಿ ಅಳುತ್ತಿದ್ದಳು: “ಅಣ್ಣಾ, ಹಾಲು ಹಿಂಡಿ ಚೆಲ್ಲು ಅಂತಿದಾರೆ. ಇಷ್ಟು ಹಾಲಿದೆ, ಕೂಸಿಗೆ ಪುಡಿ ಹಾಕ್ತಿದಾರೆ. ನೀನಾದ್ರೂ ಒಂದ್ ಮಾತು ಕೇಳೋ.” ಕೇಳಿದೆ. “ರಿಸ್ಕ್ ತಗೊಳಕ್ಕಾಗಲ್ಲ ಸಾರ್” ಎಂದರು.

ಅವರು ಯಾವುದನ್ನು ರಿಸ್ಕ್ ಎಂದು ಲೆಕ್ಕ ಹಾಕಿದರು? ಮೊದಲ ತಿಂಗಳುಗಳಲ್ಲಿ ಚೀನಾದಲ್ಲೂ ಅಮೆರಿಕದಲ್ಲೂ ತಾಯಿ-ಮಗುವನ್ನು ಬೇರೆ ಇಡುವ ಸಲಹೆ ಇದ್ದದ್ದು ನಿಜ. ಯಾರಿಗೂ ಏನೂ ಗೊತ್ತಿರದ ಕಾಲ ಅದು, ಅರ್ಥವಾಗುತ್ತದೆ. ಆದರೆ ಆ ವರ್ಷದ ಜೂನ್ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತ್ತು: ಸೋಂಕಿರುವ ತಾಯಿ ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು ಹಾಲೂಡಿಸಬೇಕು, ಕೂಸನ್ನು ಮೈಗೆ ಒತ್ತಿಕೊಳ್ಳಬೇಕು, ಒಂದೇ ಕೋಣೆಯಲ್ಲಿ ಇರಬೇಕು. ಹಾಲಿನಿಂದ ಸೋಂಕು ಹರಡಿದ್ದಕ್ಕೆ ಪುರಾವೆ ಇರಲಿಲ್ಲ. ಹಾಲು ತಪ್ಪಿಸುವುದರಿಂದ ಆಗುವ ಕೆಡುಕಿಗೆ ದಶಕಗಳ ಪುರಾವೆ ಇತ್ತು. ಸೋಂಕಿನಿಂದ ಚೇತರಿಸಿಕೊಂಡ ತಾಯಂದಿರ ಹಾಲಿನಲ್ಲಿ ಕೊರೊನಾ ವಿರುದ್ಧದ ಪ್ರತಿಕಾಯಗಳೂ ಆಮೇಲೆ ಸಿಕ್ಕವು. ತಂಗಿಯ ವಿಷಯದಲ್ಲಿ ಹಳದಿ ಹಾಲಿನ ದಿನಗಳು ಹಾಗೇ ಕಳೆದುಹೋದವು. ಮನೆಗೆ ಬಂದ ಮೇಲೆ ಒಳಲೆಗೆ ಒಗ್ಗಿದ್ದ ಕೂಸು ಮೊಲೆ ಕಚ್ಚಲು ಒಲ್ಲೆ ಎಂದಿತು. ಅಮ್ಮನೂ ಪಕ್ಕದ ಮನೆಯ ಅತ್ತೆಯೂ ಸರದಿಯಲ್ಲಿ ಕೂತು, ಕೂಸನ್ನು ಬತ್ತಲೆ ಮೈಗೆ ಅಪ್ಪಿಸಿ, ಗಳಿಗೆಗೊಮ್ಮೆ ಮೊಲೆಗೆ ಹಿಡಿಸಿ, ಕೊನೆಗೂ ಕುಡಿಯುವ ಹಾಗೆ ಮಾಡಿದರು. ಬೇರೆ ಎಷ್ಟೋ ಬಾಣಂತಿಯರ ಹಾಲು ಬತ್ತಿಯೇ ಹೋಯಿತು.

ಲಸಿಕೆಯ ಕಥೆ ಇನ್ನೂ ನೋವಿನದು. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು, ಬಸುರಿಯರಿಗೆ ಒಪ್ಪಿಗೆ ಸಿಕ್ಕಿದ್ದು ಜುಲೈ 2ರಂದು. ನಡುವೆ ಎರಡನೇ ಅಲೆ ಬಂದು ಹೋಗಿತ್ತು. ಒಪ್ಪಿಗೆ ಬಂದ ಮೇಲಾದರೂ ಧಾರಾಳವಾಗಿ ಹಾಕಿಸಿಕೊಂಡರೇ? ಅಷ್ಟರಲ್ಲಿ ವಾಟ್ಸ್ಆ್ಯಪ್ ತನ್ನ ಕೆಲಸ ಮುಗಿಸಿತ್ತು: ಲಸಿಕೆ ಹಾಕಿಸಿದರೆ ಮಕ್ಕಳಾಗುವುದಿಲ್ಲ, ಬಸಿರು ನಿಲ್ಲುವುದಿಲ್ಲ. ಈ ಪುಕಾರಿನ ಬೇರು ಮಾಸಿನಲ್ಲೇ ಇದೆ, ಅದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ.

ಮಾಸಿನ ಕೋಶಗಳು ಕರಗಿ ಒಂದೇ ಹಾಳೆಯಾಗುತ್ತವೆ ಎಂದೆನಲ್ಲ, ಅವುಗಳನ್ನು ಬೆಸೆಯುವುದು ಸಿನ್ಸಿಟಿನ್ ಎಂಬ ಪ್ರೋಟೀನು. 2000ನೇ ಇಸವಿಯಲ್ಲಿ ಅದರ ಜೀನನ್ನು ಪರೀಕ್ಷಿಸಿದವರಿಗೆ ಕಂಡದ್ದು ಅದ್ಭುತ. ಅದು ಮೂಲದಲ್ಲಿ ನಮ್ಮ ಜೀನೇ ಅಲ್ಲ, ಒಂದು ವೈರಾಣುವಿನದು. ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ, ಚಿಂಪಾಂಜಿಗಳೂ ಮನುಷ್ಯರೂ ಬೇರೆಬೇರೆಯಾಗುವುದಕ್ಕೂ ಬಹಳ ಮುಂಚೆ, ನಮ್ಮ ಪೂರ್ವಜರಿಗೆ ತಗುಲಿದ ವೈರಾಣುವೊಂದು ತನ್ನ ಜೀನುಗಳನ್ನು ಅವರ ಅಂಡ-ವೀರ್ಯದ ಕೋಶಗಳಲ್ಲಿ ಸೇರಿಸಿಬಿಟ್ಟಿತು. ಜೀವಕೋಶದ ಪೊರೆಗೆ ಬೆಸೆದುಕೊಂಡು ಒಳನುಗ್ಗಲು ಆ ವೈರಾಣು ಬಳಸುತ್ತಿದ್ದ ಪ್ರೋಟೀನನ್ನು ಮಾಸು ತನ್ನ ಕೋಶಗಳನ್ನು ಬೆಸೆಯಲು ಬಳಸಿಕೊಂಡಿತು. ಪ್ರತಿಯೊಬ್ಬ ಮನುಷ್ಯನನ್ನೂ ಹೊಟ್ಟೆಯಲ್ಲಿ ಕಾದ ಹಾಳೆ, ಒಂದು ಪುರಾತನ ಸೋಂಕಿನ ಉಳಿಕೆ!

2020ರ ಡಿಸೆಂಬರಿನಲ್ಲಿ ಯುರೋಪಿನ ಔಷಧ ಸಂಸ್ಥೆಗೆ ಸಲ್ಲಿಕೆಯಾದ ಒಂದು ಅರ್ಜಿ, ಕೊರೊನಾ ವೈರಾಣುವಿನ ಮೈಮೇಲಿರುವ, ಲಸಿಕೆ ಗುರಿಯಿಡುವ ಮುಳ್ಳಿನ (ಸ್ಪೈಕ್) ಪ್ರೋಟೀನಿಗೂ ಸಿನ್ಸಿಟಿನ್‌ಗೂ ಹೋಲಿಕೆ ಇರಬಹುದು, ಲಸಿಕೆಯಿಂದ ಹುಟ್ಟುವ ಪ್ರತಿಕಾಯ ಮಾಸಿನ ಮೇಲೇ ತಿರುಗಿಬಿದ್ದೀತು ಎಂದಿತು. ಇರುವ ಹೋಲಿಕೆ ಬೆರಳೆಣಿಕೆಯ ಅಮೈನೊ ಆಮ್ಲಗಳದ್ದು, ಯಾವ ಎರಡು ಪ್ರೋಟೀನುಗಳ ನಡುವೆಯೂ ಅಷ್ಟು ಸಿಗುತ್ತದೆ. ಭಯ ನಿಜವಾಗಿದ್ದರೆ ಸೋಂಕು ತಗುಲಿದ ಎಲ್ಲ ಹೆಂಗಸರ ಬಸಿರೂ ಇಳಿದುಹೋಗಬೇಕಿತ್ತು, ಏಕೆಂದರೆ ಆ ಮುಳ್ಳು ವೈರಾಣುವಿನಲ್ಲೇ ಇದೆ. ಹಾಗೆ ಆಗಲಿಲ್ಲ. ಪ್ರಣಾಳ ಶಿಶು ಚಿಕಿತ್ಸೆಗೆ ಬಂದ ಹೆಂಗಸರಲ್ಲಿ ಲಸಿಕೆ ಪಡೆದವರಿಗೂ ಪಡೆಯದವರಿಗೂ ಭ್ರೂಣ ನೆಲೆಯೂರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರ್ಜಿಯಲ್ಲಿ ‘ಇರಬಹುದು’ ಎಂದಿದ್ದದ್ದು ತೀರ್ಥಹಳ್ಳಿ, ಹೊಸನಗರದ ಫೋನುಗಳಿಗೆ ಬರುವಷ್ಟರಲ್ಲಿ ‘ಆಗುತ್ತದೆ’ ಆಗಿತ್ತು.

ಲಸಿಕೆ ಕೂಸಿಗೆ ಮಾಡಿದ್ದೇನು ಎಂಬ ಲೆಕ್ಕ 2022ರ ಫೆಬ್ರವರಿಯಲ್ಲಿ ಅಮೆರಿಕದಿಂದ ಬಂತು. ಬಸಿರಿನಲ್ಲಿ ಎರಡು ಡೋಸ್ ಪಡೆದ ತಾಯಂದಿರ ಆರು ತಿಂಗಳೊಳಗಿನ ಮಕ್ಕಳು ಕೊರೊನಾದಿಂದ ಆಸ್ಪತ್ರೆ ಸೇರುವ ಸಂಭವ ಶೇ 61ರಷ್ಟು ಕಡಿಮೆಯಾಗಿತ್ತು. ಆ ವಯಸ್ಸಿನ ಕೂಸಿಗೆ ನೇರವಾಗಿ ಹಾಕುವ ಕೊರೊನಾ ಲಸಿಕೆಯೇ ಇಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲಿ ಹಾಕಿಸಿಕೊಂಡವರಿಗಿಂತ ನಂತರ ಹಾಕಿಸಿಕೊಂಡವರ ಮಕ್ಕಳಿಗೆ ರಕ್ಷಣೆ ಹೆಚ್ಚಿತ್ತು. ಹಾಗೆಂದು ರೋಗ ಊರೆಲ್ಲ ಹಬ್ಬಿರುವಾಗ ಕಾಯುತ್ತ ಕೂರುವಂತಿಲ್ಲ, ತಾಯಿಯ ಜೀವವೂ ಉಳಿಯಬೇಕಲ್ಲ.

ಈಗ ಈ ದಾರಿಯನ್ನೇ ನೆಚ್ಚಿ ಹೊಸ ಲಸಿಕೆಗಳು ತಯಾರಾಗುತ್ತಿವೆ. ಹಸುಗೂಸುಗಳ ಎದೆ ಕಟ್ಟಿಸಿ ಉಸಿರಾಟಕ್ಕೆ ತೊಂದರೆ ಕೊಡುವ ಆರ್‌ಎಸ್‌ವಿ ವೈರಾಣುವಿನ ವಿರುದ್ಧ ಬಸುರಿಯರಿಗೆ ಕೊಡುವ ಲಸಿಕೆಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಅದನ್ನು ಹಾಕುವುದು ಬಸಿರಿನ 32ರಿಂದ 36ನೇ ವಾರದೊಳಗೆ. ತಾಯಿಯ ಮೈ ಪ್ರತಿಕಾಯ ತಯಾರಿಸುವುದಕ್ಕೆ ಸುಮಾರು ಎರಡು ವಾರ ಬೇಕು, ಅದು ಮಾಸನ್ನು ದಾಟಿ ಕೂಸಿನಲ್ಲಿ ತುಂಬಿಕೊಳ್ಳುವುದಕ್ಕೆ ಉಳಿದ ದಿನಗಳು.